ಎಣಿಕೆಗೆ ಬಾರದ ಫಲ: ಕನ್ನಡ ನಾಡಿನಲ್ಲಿ ಬಾಸೆಲ್ ಮಿಶನ್ನಿನ ಪ್ರಭಾವದ ಕುರಿತು ಒಂದು ವಿಚಾರ

ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದ ಪತ್ರಕರ್ತರು ಪತ್ರಿಕಾ ದಿನವನ್ನು ಆಚರಿಸುತ್ತಾರೆ. ಆ ಸಮಾರಂಭಗಳಲ್ಲಿ ಹರ್ಮನ್ ಮೋಗ್ಲಿಂಗರ ಭಾವಚಿತ್ರಕ್ಕೆ ಹೂಮಾಲೆ ಹಾಕುವವರಲ್ಲಿ ಬಹುಪಾಲು ಜನರು ಕ್ರೈಸ್ತರಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಫರ್ಡಿನೆಂಡ್ ಕಿಟೆಲರ ಪ್ರತಿಮೆ ನಿಂತಿರುವುದೂ ಸಭೆಯ ಪ್ರಯತ್ನಕ್ಕಿಂತ ಹೆಚ್ಚಾಗಿ ಕನ್ನಡಿಗರ ಅಭಿಮಾನದ ಫಲವೆಂದೇ ಹೇಳಬೇಕು. ನಮ್ಮ ಆರಾಧನಾ ಪಂಚಾಂಗದಲ್ಲಿ ಜುಲೈ 1ಕ್ಕೆ ಯಾವ ಸ್ಥಾನವೂ ಇಲ್ಲ. ಸಭಾ ಚರಿತ್ರೆಯ ಪಾಠದಲ್ಲಿ ನಾವು ಇದೇ ಮೋಗ್ಲಿಂಗರನ್ನು ದೀಕ್ಷಾಸ್ನಾನ ಹೊಂದಿದವರ ಪಟ್ಟಿಯೊಂದಿಗೆ, ಮಿಶನ್ ಠಾಣೆಗಳ ಹೆಸರುಗಳೊಂದಿಗೆ ಓದುತ್ತೇವೆ. ನಾಡು ನೆನಪಿನಲ್ಲಿಟ್ಟುಕೊಂಡಿರುವುದು ಒಂದನ್ನು, ಸಭೆ ಲೆಕ್ಕವಿಟ್ಟಿರುವುದು ಇನ್ನೊಂದನ್ನು.

ಈ ವ್ಯತ್ಯಾಸಕ್ಕೆ ಎರಡು ಸುಲಭವಾದ ಉತ್ತರಗಳು ಚಾಲ್ತಿಯಲ್ಲಿವೆ. ಸುವಾರ್ತಾ ಸೇವೆಯೇ ನಿಜವಾದ ಕೆಲಸ, ಪತ್ರಿಕೆ ನಿಘಂಟುಗಳೆಲ್ಲ ಬಿಡುವಿನ ವೇಳೆಯ ಹವ್ಯಾಸ ಎಂಬುದು ಒಂದು. ಅವರು ಮೂಲತಃ ಕನ್ನಡದ ಸೇವಕರು, ಮತಪ್ರಚಾರ ಅವರಿಗೆ ಅಂಟಿದ ಕಾಲದ ಕೊಳೆ ಎಂಬುದು ಮತ್ತೊಂದು. ಮೊದಲನೆಯದನ್ನು ನಮ್ಮವರೂ ಎರಡನೆಯದನ್ನು ಹೊರಗಿನ ಅಭಿಮಾನಿಗಳೂ ಹೇಳುತ್ತಾರೆ. ಚರಿತ್ರೆಯ ದಾಖಲೆ ಇವೆರಡನ್ನೂ ಒಪ್ಪುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಕ್ರೈಸ್ತರು ತಾವು ಬಾಳುವ ಲೋಕದ ಮೇಲೆ ಒಳ್ಳೆಯ ಪ್ರಭಾವ ಬೀರುವುದು ಹೇಗೆ ಎಂಬ ಪ್ರಶ್ನೆಯನ್ನು ತತ್ತ್ವವಾಗಿ ಚರ್ಚಿಸುವುದಕ್ಕಿಂತ, ನಮ್ಮ ಮನೆಯ ಅಂಗಳದಲ್ಲೇ ನಡೆದ ಈ ಚರಿತ್ರೆಯನ್ನು ಅದರ ಗೆಲುವು ಸೋಲುಗಳೊಂದಿಗೆ ನೋಡುವುದು ಹೆಚ್ಚು ಪ್ರಯೋಜನಕರ.

1833ರ ಸನ್ನದು ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷವೇ, ಅಂದರೆ 1834ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಇದ್ದುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಸ್ಥೆ. ಆದರೆ ಅದಕ್ಕೆ ಜನರನ್ನೂ ಭಕ್ತಿಯ ಹದವನ್ನೂ ಹೆಚ್ಚಾಗಿ ಒದಗಿಸಿದ್ದು ಜರ್ಮನಿಯ ವುರ್ಟೆಂಬರ್ಗಿನ ಪಯಟಿಸ್ಟ್ ಪರಂಪರೆ. ಮೋಗ್ಲಿಂಗ್ ಬಂದದ್ದು 1836ರಲ್ಲಿ. ಕೆಲವೇ ತಿಂಗಳುಗಳಲ್ಲಿ, 1837ರ ಏಪ್ರಿಲಿನಲ್ಲಿ, ಸುಳ್ಯದ ಕಡೆಯಿಂದ ಬಂದ ಬಂಡುಕೋರರು ಮಂಗಳೂರನ್ನು ವಶಪಡಿಸಿಕೊಂಡು ಕೆಲವು ದಿನ ಆಳಿದರು. ಗಾಳಿಮಾತು ಒಂದು ಊರನ್ನು ಹೇಗೆ ಅಲ್ಲಾಡಿಸಬಲ್ಲದು ಎಂಬುದನ್ನು ತರುಣ ಮಿಶನರಿ ಬಂದ ಹೊಸದರಲ್ಲೇ ಕಂಡಿರಬೇಕು.

1841ರಲ್ಲಿ ಮಂಗಳೂರಿನ ಮಿಶನ್ನಿಗೆ ಒಂದು ಕಲ್ಲಚ್ಚಿನ ಯಂತ್ರ ಬಂತು. ಎರಡು ವರ್ಷಗಳ ತರುವಾಯ, 1843ರ ಜುಲೈ 1ರಂದು, ಅದೇ ಯಂತ್ರದಿಂದ ‘ಮಂಗಳೂರ ಸಮಾಚಾರ’ ಹೊರಬಂದಿತು. ನಾಲ್ಕು ಪುಟಗಳ ಪಾಕ್ಷಿಕ. ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಊರ ಸುದ್ದಿ ಇತ್ತು, ಸರ್ಕಾರದ ಆಜ್ಞೆಗಳ ವಿವರವಿತ್ತು, ಪರದೇಶಗಳ ವರ್ತಮಾನವಿತ್ತು, ಕಥೆಗಳೂ ಬುದ್ಧಿಮಾತುಗಳೂ ಇದ್ದವು. ಸರ್ಕಾರವು ಹೊರಡಿಸುವ ಆಜ್ಞೆ ಶಾನುಭೋಗರ ಮತ್ತು ಕಚೇರಿಯ ಗುಮಾಸ್ತರ ಬಾಯಿಯಿಂದಲೇ ರೈತನಿಗೆ ತಲುಪುತ್ತಿದ್ದ ಕಾಲವದು. ಆ ಆಜ್ಞೆಯನ್ನು ರೈತನ ಮಗ ತಾನೇ ಓದಬಹುದು ಎಂಬುದು ಸಣ್ಣ ಸಂಗತಿಯಲ್ಲ. ಪತ್ರಿಕೆಯ ಉದ್ದೇಶವನ್ನು ವಿವರಿಸುವಾಗ ಮೋಗ್ಲಿಂಗರು, ಖಚಿತವಾದ ಸುದ್ದಿ ಸಿಗದೆ ಜನರು ವದಂತಿಗಳನ್ನೇ ನಂಬಿ ತೊಂದರೆಪಡುತ್ತಿದ್ದಾರೆಂಬ ಕಾರಣವನ್ನೇ ಮುಂದಿಟ್ಟರು. ಸತ್ಯವನ್ನು ನುಡಿಯುವುದು ನೆರೆಯವನಿಗೆ ಸಲ್ಲಿಸಬೇಕಾದ ಋಣ ಎಂಬ ಭಾವ ಅದರಲ್ಲಿದೆ. ಹತ್ತು ಆಜ್ಞೆಗಳಲ್ಲಿ ಒಂಬತ್ತನೆಯದು ಅವರ ಮನಸ್ಸಿನಲ್ಲಿತ್ತೋ ಇಲ್ಲವೋ, ಪಾಠ ಹೇಳುವ ನನಗೆ ಅದು ನೆನಪಾಗದೆ ಇರುವುದಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮೋಗ್ಲಿಂಗರ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಪತ್ರಿಕೆ ಆರಂಭವಾದ ಆರೇಳು ತಿಂಗಳಲ್ಲಿ, 1844ರ ಜನವರಿ 6ರಂದು, ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಇನ್ನಿಬ್ಬರೊಡನೆ ಮೋಗ್ಲಿಂಗರ ಕೈಯಿಂದ ದೀಕ್ಷಾಸ್ನಾನ ಪಡೆದರು. ಮಂಗಳೂರು ಕುದಿಯಿತು. ಮನೆ, ಕುಲ, ಬಂಧುಬಳಗ ಎಲ್ಲವೂ ಆ ಯುವಕರ ಪಾಲಿಗೆ ಒಂದೇ ದಿನದಲ್ಲಿ ಮುಚ್ಚಿದ ಬಾಗಿಲಾದವು. ಕೌಂಡಿನ್ಯರು ಮುಂದೆ ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾದರು. ಊರಿನ ಎಲ್ಲರಿಗೂ ಬೇಕಾಗುವ ಸುದ್ದಿಯನ್ನು ಕಲ್ಲಿನ ಮೇಲೆ ಬರೆಸಿ ಅಚ್ಚು ಹಾಕಿಸುತ್ತಿದ್ದ ಮನುಷ್ಯನೇ, ಊರಿನ ಬಹುತೇಕರು ಸಹಿಸಲಾರದ ಈ ದೀಕ್ಷಾಸ್ನಾನವನ್ನೂ ಕೊಟ್ಟನು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಅವನಿಗೆ ಅನ್ನಿಸಲಿಲ್ಲ. ಎರಡು ತಿಂಗಳಲ್ಲಿ ಪತ್ರಿಕೆ ಮಂಗಳೂರಿನಲ್ಲಿ ನಿಂತಿತು. ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಯಿಂದ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಕಾರಣ ಮುದ್ರಣದ ಸೌಕರ್ಯವೇ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ, ಅದನ್ನು ನಂಬದಿರಲು ಕಾರಣವಿಲ್ಲ.

ನನ್ನ ದೃಷ್ಟಿಯಲ್ಲಿ ಮೋಗ್ಲಿಂಗರ ಕೆಲಸದ ಅತ್ಯಂತ ಆಶ್ಚರ್ಯಕರ ಭಾಗ ಪತ್ರಿಕೆಯಲ್ಲ, 1848ರಿಂದ 1853ರವರೆಗೆ ಅವರು ಹೊರತಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ. ಮದರಾಸು ಸರ್ಕಾರದ ಸೇವೆಯಿಂದ ನಿವೃತ್ತರಾಗಿದ್ದ ಕ್ಯಾಸಮೇಜರ್ ಎಂಬವರು ಅದಕ್ಕೆ ಹಣ ಕೊಟ್ಟರು. ಗಾಟ್‌ಫ್ರೀಡ್ ವೈಗ್ಲೆ ಜೊತೆಗೂಡಿದರು. ಓಲೆಗರಿಗಳಲ್ಲಿ, ಕಡತಗಳಲ್ಲಿ, ಹುಳು ತಿನ್ನುತ್ತಿದ್ದ ಕಟ್ಟುಗಳಲ್ಲಿ ಇದ್ದ ಕನ್ನಡ ಕಾವ್ಯಗಳನ್ನು ಹುಡುಕಿ, ಪಂಡಿತರಿಂದ ಪ್ರತಿಗಳನ್ನು ಹೋಲಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿದರು. ಲಕ್ಷ್ಮೀಶನ ಜೈಮಿನಿ ಭಾರತ, ಬಸವ ಪುರಾಣ, ಕುಮಾರವ್ಯಾಸ ಭಾರತದ ಭಾಗಗಳು, ಕನಕದಾಸರ ಹರಿಭಕ್ತಿಸಾರ: ಇವು ಆ ಮಾಲೆಯಲ್ಲಿ ಸೇರಿದವು. 1850ರಲ್ಲಿ ಹರಿದಾಸರ ಸುಮಾರು 170 ಹಾಡುಗಳ ಸಂಗ್ರಹ ‘ದಾಸರ ಪದಗಳು’ ಎಂಬ ಹೆಸರಿನಲ್ಲಿ ಬಂದಿತು. ಅಲ್ಲಿಯವರೆಗೆ ಭಜನೆಯವರ ಕಂಠದಲ್ಲೂ ಮನೆಮನೆಯ ಹಸ್ತಪ್ರತಿಗಳಲ್ಲೂ ಮಾತ್ರ ಇದ್ದ ಪುರಂದರದಾಸರಿಗೆ ಮೊದಲ ಮುದ್ರಿತ ಪುಸ್ತಕ ಸಿಕ್ಕಿದ್ದು ಮಿಶನ್ನಿನ ಅಚ್ಚುಕೂಟದಿಂದ. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಬರಹವೇ ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದ ಆ ಪುಟಗಳು ಓದುಗರಿಗೆ ಪರಕೀಯವಾಗಿ ಕಾಣದೆ ತಮ್ಮ ಮನೆಯ ಕಡತದ ಹಾಗೆಯೇ ಕಂಡಿರಬೇಕು.

ಇದನ್ನು ಏಕೆ ಮಾಡಿದರು? ಉದ್ದೇಶ ಒಂದೇ ಆಗಿರಲಿಲ್ಲ. ಜನರ ಹೃದಯಕ್ಕೆ ತಲುಪಬೇಕಾದರೆ ಅವರ ನುಡಿಯನ್ನೂ ಅವರು ಪ್ರೀತಿಸುವ ಗ್ರಂಥಗಳನ್ನೂ ತಿಳಿಯಬೇಕೆಂಬ ಮಿಶನರಿಯ ಲೆಕ್ಕಾಚಾರ ಅದರಲ್ಲಿ ಖಂಡಿತ ಇತ್ತು. ಮಿಶನ್ನಿನ ಅಚ್ಚುಕೂಟಗಳಿಂದ ವಿಗ್ರಹಾರಾಧನೆಯನ್ನು ಕಟುವಾಗಿ ಖಂಡಿಸುವ ಕರಪತ್ರಗಳೂ ಹೊರಬಂದವು, ಮತ್ತು ಆ ಕರಪತ್ರಗಳ ಧಾಟಿಯನ್ನು ಇಂದು ಓದಿದರೆ ನಮಗೇ ಮುಜುಗರವಾಗುತ್ತದೆ. ಆದರೆ ಮತಪ್ರಚಾರದ ಸಾಧನವಾಗಿ ಮಾತ್ರ ಬೇಕಾಗಿದ್ದರೆ ಟಿಪ್ಪಣಿಗಳೊಂದಿಗೆ, ಖಂಡನೆಯೊಂದಿಗೆ, ಆಯ್ದ ತುಣುಕುಗಳು ಸಾಕಾಗುತ್ತಿದ್ದವು. ಪೂರ್ಣ ಕಾವ್ಯವನ್ನು, ಪಾಠಶುದ್ಧಿಯ ಶ್ರಮ ವಹಿಸಿ, ಅದನ್ನು ಪೂಜ್ಯವೆಂದು ಭಾವಿಸುವವರ ಕೈಗೇ ಒಪ್ಪಿಸುವ ಅಗತ್ಯವಿರಲಿಲ್ಲ. ಮೋಗ್ಲಿಂಗರು ದಾಸರ ಕೆಲವು ಹಾಡುಗಳನ್ನು ಜರ್ಮನ್ ಭಾಷೆಗೂ ತಿರುಗಿಸಿದರು. ಬರಿಯ ಬಾಹ್ಯಾಚಾರವನ್ನು ಮೂದಲಿಸುವ, ಅಂತರಂಗದ ಶುದ್ಧಿಯನ್ನು ಕೇಳುವ ಆ ಪದಗಳಲ್ಲಿ ಪಯಟಿಸ್ಟ್ ಮನೆಯಲ್ಲಿ ಬೆಳೆದವನಿಗೆ ಪರಿಚಿತವಾದ ಧ್ವನಿಯೊಂದು ಕೇಳಿಸಿರಬೇಕು. ಆಮೋಸನ ಐದನೆಯ ಅಧ್ಯಾಯವನ್ನು ಓದಿದ ಯಾರಿಗಾದರೂ ಅದು ಕೇಳಿಸುತ್ತದೆ.

ಈ ಗ್ರಂಥಮಾಲೆಯಿಂದ ಎಷ್ಟು ಜನ ಕ್ರೈಸ್ತರಾದರು ಎಂಬ ಪ್ರಶ್ನೆಗೆ ಉತ್ತರ ಶೂನ್ಯಕ್ಕೆ ಹತ್ತಿರವಾಗಿರಬೇಕು. ಸೆರೆಹೋದ ಯೂದಾಯರಿಗೆ ಯೆರೆಮೀಯನು ಬರೆದ ಪತ್ರದಲ್ಲಿ (ಯೆರೆ. 29:7) ಬಾಬೆಲಿನ ಕ್ಷೇಮವನ್ನು ಹಾರೈಸಬೇಕೆಂಬ ಆಜ್ಞೆಯಿದೆಯೇ ಹೊರತು ಬಾಬೆಲಿನವರು ಅದಕ್ಕೆ ಪ್ರತಿಯಾಗಿ ಏನು ಕೊಡುತ್ತಾರೆಂಬ ಮಾತಿಲ್ಲ. ವೀರಶೈವರ ಬಸವ ಪುರಾಣವನ್ನು ಅಚ್ಚು ಹಾಕಿದ ಮಿಶನರಿ, ತನಗೆ ತಿಳಿದೋ ತಿಳಿಯದೆಯೋ, ಆ ಆಜ್ಞೆಯನ್ನು ನೆರವೇರಿಸುತ್ತಿದ್ದನು.

1847ರಲ್ಲಿ ಮಂಗಳೂರಿನಲ್ಲಿ ಸೆಮಿನರಿ ಆರಂಭವಾಯಿತು. ಸುವಾರ್ತಿಕರಾಗಲು ಬಂದ ಯುವಕರು ಸತ್ಯವೇದದ ಪಾಠ ಕಲಿಯುತ್ತಿದ್ದ ವರ್ಷಗಳಲ್ಲೇ ಅದೇ ಮಿಶನ್ನಿನ ಅಚ್ಚುಕೂಟದಲ್ಲಿ ಜೈಮಿನಿ ಭಾರತ ಅಚ್ಚಾಗುತ್ತಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಒಮ್ಮೆ ಕಲ್ಪಿಸಿಕೊಳ್ಳಲಿ. ನಮ್ಮ ಪಠ್ಯಕ್ರಮದಲ್ಲಿ ಇಂದು ಗ್ರೀಕಿಗೂ ಹೀಬ್ರೂವಿಗೂ ಸ್ಥಳವಿದೆ, ಇರಲೇಬೇಕು. ಕುಮಾರವ್ಯಾಸನ ಒಂದು ಪದ್ಯವನ್ನೂ ಅರ್ಥಮಾಡಿಕೊಳ್ಳದೆ ಒಬ್ಬನು ಕನ್ನಡ ಸಭೆಯ ಪಾಲಕನಾಗಬಹುದು ಎಂಬುದು ಮಾತ್ರ ನನಗೆ ಒಗಟಾಗಿಯೇ ಉಳಿದಿದೆ.

ಮೋಗ್ಲಿಂಗರ ಮುಂದಿನ ಅಧ್ಯಾಯ ಕೊಡಗಿನದು. 1853ರಲ್ಲಿ, ಸ್ವದೇಶಕ್ಕೆ ಹಿಂದಿರುಗಬೇಕೆಂದಿದ್ದ ಹೊತ್ತಿನಲ್ಲಿ, ಅಲ್ಮಂಡ ಸೋಮಯ್ಯ ಎಂಬ ಕೊಡವರ ಕರೆಗೆ ಓಗೊಟ್ಟು, ಬಾಸೆಲಿನ ಸಮಿತಿಯ ಒಪ್ಪಿಗೆಗೆ ಕಾಯದೆ, ತಮ್ಮದೇ ಹೊಣೆಯ ಮೇಲೆ ಅವರು ಕೊಡಗಿಗೆ ಹೋದರು. ಅಲ್ಲಿ ಅವರ ಬಳಿಗೆ ಬಂದವರಲ್ಲಿ ಬಹುಪಾಲು, ತಲೆಮಾರುಗಳಿಂದ ಜೀತದಲ್ಲಿ ದುಡಿಯುತ್ತಿದ್ದ ಹೊಲೆಯ ಸಮುದಾಯದವರು. 1843ರ ಐದನೆಯ ಕಾಯಿದೆಯು ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಆದರೆ ಹೊಲವಿಲ್ಲದ, ಮನೆಯಿಲ್ಲದ ಮನುಷ್ಯನಿಗೆ ಕಾಗದದ ಮೇಲಿನ ಬಿಡುಗಡೆಯಿಂದ ಏನಾದೀತು? ಒಡೆಯನನ್ನು ಬಿಟ್ಟು ಹೋಗಲು ಕಾಲಿಡುವಷ್ಟು ನೆಲ ಬೇಕಾಗಿತ್ತು. ಸಿದ್ದಾಪುರದ ಬಳಿ ಕಾಫಿ ತೋಟವನ್ನು ಆಧಾರವಾಗಿಟ್ಟುಕೊಂಡ ಆನಂದಪುರ ಎಂಬ ಊರು ಹುಟ್ಟಿದ್ದು ಹೀಗೆ. ಕೌಂಡಿನ್ಯರೂ ಅಲ್ಲಿ ಸೇವೆ ಮಾಡಿದರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನು ಹೊಲೆಯರ ಊರಿನಲ್ಲಿ ಬೋಧಕನಾಗಿ ಅವರೊಡನೆ ಕರ್ತನ ಭೋಜನಕ್ಕೆ ಕೂಡುವುದೆಂದರೆ, ಆ ಕಾಲದ ಕೊಡಗಿನಲ್ಲಿ ಯಾವ ಪ್ರಸಂಗಕ್ಕಿಂತಲೂ ಗಟ್ಟಿಯಾದ ಸಾಕ್ಷಿ. ಮೋಗ್ಲಿಂಗರು 1860ರಲ್ಲಿ ಭಾರತವನ್ನು ಬಿಟ್ಟರು.

ಇನ್ನು ಕೈಗಾರಿಕೆಯ ಕಥೆ. ಇಲ್ಲಿ ನಾವು ಎಚ್ಚರದಿಂದ ಮಾತಾಡಬೇಕು, ಏಕೆಂದರೆ ಸಭೆಗಳ ವಾರ್ಷಿಕೋತ್ಸವಗಳಲ್ಲಿ ಅತ್ಯಂತ ಹೆಚ್ಚು ಹೊಗಳಿಕೆ ಪಡೆಯುವುದು ಇದೇ. ಜಾತಿಯಿಂದ ಹೊರಬಿದ್ದವನು ಗೇಣಿಯ ಭೂಮಿಯನ್ನು ಕಳೆದುಕೊಳ್ಳುತ್ತಿದ್ದನು. ಕರಾವಳಿಯಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಹಳ ಮಂದಿ ಬಿಲ್ಲವರು. ಅವರ ಕುಲಕಸುಬಾದ ಶೇಂದಿ ಇಳಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ. ಕಸುಬು ಬಿಡಿಸಿದವರೇ ಕಸುಬು ಕೊಡಬೇಕಾಗಿ ಬಂದಿತು. ನೇಯ್ಗೆ ಮೊದಲು ಬಂತು. ಅನಂತರ ಮಂಗಳೂರಿನ ಹೆಂಚು. ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲಿ 1851ರಲ್ಲಿ ಬಂದದ್ದು ಮುದ್ರಣಾಲಯದ ಕೆಲಸಕ್ಕಾಗಿ, ಕನ್ನಡದ ಅಚ್ಚುಮೊಳೆಗಳೊಂದಿಗೆ. ನೇತ್ರಾವತಿಯ ದಡದ ಜೇಡಿಮಣ್ಣಿನ ಗುಣವನ್ನು ಕಂಡುಕೊಂಡು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ. ಎರಡು ಜೊತೆ ಎತ್ತುಗಳು, ಕೆಲವೇ ಆಳುಗಳು; ಆರಂಭದಲ್ಲಿ ದಿನಕ್ಕೆ 560 ಹೆಂಚುಗಳು. ಮುಳಿಹುಲ್ಲಿನ ಮಾಡು ಬೇಸಿಗೆಯಲ್ಲಿ ಬೆಂಕಿಗೂ ಮಳೆಗಾಲದಲ್ಲಿ ಸೋರಿಕೆಗೂ ತುತ್ತಾಗುತ್ತಿದ್ದ ಕರಾವಳಿಯಲ್ಲಿ ಈ ಹೆಂಚು ಮನೆಗಳ ರೂಪವನ್ನೇ ಬದಲಿಸಿತು. ಬೇಗನೆ ಇತರ ಉದ್ಯಮಿಗಳೂ ಅದನ್ನು ಕಲಿತು ಕಾರ್ಖಾನೆ ಹೂಡಿದರು.

ಹೆಂಚು ನಾಡಿಗೆ ದೊಡ್ಡ ಉಪಕಾರ ಮಾಡಿತು. ಸಭೆಗೆ ಅಷ್ಟೇ ಉಪಕಾರ ಮಾಡಿತೆಂದು ಹೇಳಲಾರೆ. ಸಂಬಳ ಕೊಡುವ ಸಂಸ್ಥೆಯೂ ದೇವರ ವಾಕ್ಯ ಬೋಧಿಸುವ ಸಂಸ್ಥೆಯೂ ಒಂದೇ ಬೇರಿನವು. ಇಂಥ ಕಡೆ ಭಾನುವಾರ ಆರಾಧನೆಗೆ ಬಾರದವನಿಗೆ ಸೋಮವಾರ ಕೆಲಸದ ಭಯ ಇಲ್ಲದಿರಲು ಸಾಧ್ಯವೇ? ನಂಬಿಕೆ ಯಾವುದು, ಋಣ ಯಾವುದು, ಅಂಜಿಕೆ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಯಿತು. ಹೊರಗಿನವರ ಕಣ್ಣಿಗೆ ಕ್ರೈಸ್ತನೆಂದರೆ ಮಿಶನ್ನಿನ ಆಳು ಎಂಬ ಅರ್ಥ ಬಂದಿತು. ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿರಿಸಿ ಅನಂತರ ದೇಶದಿಂದ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಸಂಬಳ ಕೊಡುವ ಒಡೆಯ ಬದಲಾದನು; ಸಭೆಗಳು ತಮ್ಮ ಕಾಲಮೇಲೆ ನಿಲ್ಲಬೇಕಾದ ದಿನ ಯಾವ ಮುನ್ಸೂಚನೆಯೂ ಇಲ್ಲದೆ ಬಂದಿತು. ಎಂಭತ್ತು ವರ್ಷಗಳ ಮಿಶನ್ ಸೇವೆಯ ನಂತರವೂ ಆ ದಿನಕ್ಕೆ ಸಿದ್ಧತೆ ಸಾಲದಾಗಿತ್ತು. ಪ್ಲೆಬ್ಸ್ಟರ ಅಚ್ಚುಮೊಳೆಯನ್ನೂ ಪ್ಲೆಬ್ಸ್ಟರ ಹೆಂಚನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಎರಡೂ ಒಂದೇ ಕೈಯಿಂದ, ಒಂದೇ ಸದ್ಭಾವದಿಂದ ಬಂದವು. ಆದರೆ ಪುಸ್ತಕವನ್ನು ಕೊಂಡವನ ಮೇಲೆ ಮಿಶನ್ನಿಗೆ ಅಧಿಕಾರವಿರಲಿಲ್ಲ. ಹೆಂಚಿನ ಕಾರ್ಖಾನೆಯ ಆಳಿನ ಮೇಲೆ ಇತ್ತು.

ಕಿಟೆಲರ ವಿಷಯ ಎಲ್ಲರಿಗೂ ತಿಳಿದಿರುವುದರಿಂದ ವಿಸ್ತರಿಸುವುದಿಲ್ಲ. 1853ರಲ್ಲಿ ಬಂದರು, 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸುಗಳಲ್ಲಿ ‘ಕಥಾಮಾಲೆ’ಯಾಗಿ ಬರೆದರು, ನಾಗವರ್ಮನ ಛಂದಸ್ಸನ್ನೂ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕೊಟ್ಟರು. ಒಂದು ಮಾತನ್ನು ಮಾತ್ರ ಸೇರಿಸಬೇಕು. ಕಥಾಮಾಲೆಯನ್ನು ಇಂದು ಓದುವವರು ಕಡಿಮೆ. ನಿಘಂಟನ್ನು ತೆರೆಯದ ಕನ್ನಡ ವಿದ್ವಾಂಸನಿಲ್ಲ. ಸುವಾರ್ತೆಯನ್ನು ಹೇಳಲೆಂದು ಬರೆದ ಕೃತಿ ಮೂಲೆಗೆ ಸರಿದು, ನೆರೆಯವರ ನುಡಿಯನ್ನು ಸುಮ್ಮನೆ ಆಲಿಸಿ ಬರೆದಿಟ್ಟ ಕೃತಿ ಉಳಿದುಕೊಂಡಿತು.

ವಿದೇಶೀಯರ ಮಾತಾಯಿತು. ಅವರಿಂದ ದೇಶೀಯ ಸಭೆ ಏನನ್ನು ಕಲಿತಿತು? ಬಹಳಮಟ್ಟಿಗೆ ಸಂಸ್ಥೆಗಳನ್ನು ನಡೆಸುವುದನ್ನು ಕಲಿತಿತು. ಶಾಲೆ, ಆಸ್ಪತ್ರೆ, ವಸತಿಗೃಹ, ಆಸ್ತಿಯ ವ್ಯಾಜ್ಯ. ಆಲಿಸುವುದನ್ನು ಕಲಿತವರು ಕೆಲವರೇ, ಮತ್ತು ಅವರಲ್ಲಿ ರೆವರೆಂಡ್ ಉತ್ತಂಗಿ ಚನ್ನಪ್ಪನವರಿಗೆ ಸಮನಾದವರನ್ನು ನಾನು ಕಾಣೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ನಿನ ಸಭೆಯಲ್ಲೇ ಬೆಳೆದು, ಬೋಧಕರಾಗಿ, ಉತ್ತರ ಕರ್ನಾಟಕದ ಊರೂರುಗಳಲ್ಲಿ ಸೇವೆ ಮಾಡಿದರು. ಸಭೆಯ ಕೆಲಸಕ್ಕಾಗಿ ಹಳ್ಳಿಗಳನ್ನು ಸುತ್ತುವಾಗ ರೈತರೂ ಭಿಕ್ಷುಕರೂ ಮುದುಕಿಯರೂ ಹೇಳುವ ಸರ್ವಜ್ಞನ ತ್ರಿಪದಿಗಳು ಅವರ ಕಿವಿಗೆ ಬಿದ್ದವು. ಅವರು ಬರೆದುಕೊಂಡರು. ಓಲೆಗರಿಗಳನ್ನು ಹುಡುಕಿದರು, ಹಸ್ತಪ್ರತಿಗಳನ್ನು ಹೋಲಿಸಿದರು. 1924ರಲ್ಲಿ ‘ಸರ್ವಜ್ಞನ ವಚನಗಳು’ ಎರಡು ಸಾವಿರದ ಆಸುಪಾಸಿನ ತ್ರಿಪದಿಗಳೊಂದಿಗೆ ಹೊರಬಂದಿತು. ಇಂದು ಶಾಲೆಯ ಪಠ್ಯದಲ್ಲಿ ಮಗುವೊಂದು ಸರ್ವಜ್ಞನನ್ನು ಓದುತ್ತಿದ್ದರೆ ಅದರ ಹಿಂದೆ ಕ್ರೈಸ್ತ ಬೋಧಕನೊಬ್ಬನ ಸವೆದ ಪಾದರಕ್ಷೆಗಳಿವೆ.

ಆದರೆ ಉತ್ತಂಗಿಯವರು ತಮ್ಮ ನಂಬಿಕೆಯನ್ನು ಬದಿಗಿಟ್ಟು ಈ ಕೆಲಸ ಮಾಡಿದವರಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಇನ್ನೊಂದು ಪುಸ್ತಕದ ಹೆಸರು. ವಿನಂತಿ ಎಂಬ ಆ ಪದವನ್ನು ಗಮನಿಸಬೇಕು. ಆಹ್ವಾನವಲ್ಲ, ಸವಾಲಲ್ಲ, ಆಜ್ಞೆಯಂತೂ ಅಲ್ಲವೇ ಅಲ್ಲ. ಕೇಳಿಕೊಳ್ಳುವವನು ಎದುರಿನವನ ಬಾಗಿಲಲ್ಲಿ ನಿಂತಿರುತ್ತಾನೆ, ಒಳಗೆ ಕರೆಯುವ ಅಧಿಕಾರ ಎದುರಿನವನದು. ಹಾಗೆ ನಿಂತವರಾದುದರಿಂದಲೇ ಅನುಭವ ಮಂಟಪದ ಐತಿಹಾಸಿಕತೆಯ ಕುರಿತು ಅವರು ಬರೆದಾಗ ಶರಣ ಸಾಹಿತ್ಯದ ವಿದ್ವಾಂಸರು ಅದನ್ನು ಹೊರಗಿನವನ ಮಾತೆಂದು ತಳ್ಳಿಹಾಕಲಿಲ್ಲ. ಸಿದ್ಧರಾಮನ ವಚನಗಳ ಸಂಗ್ರಹದಲ್ಲೂ ಅವರ ಶ್ರಮವಿದೆ. ಮತ್ತಾಯ 5:13ರ ಉಪ್ಪಿನ ಮಾತನ್ನು ನಾವು ಬೋಧಿಸುವಾಗ ಉಪ್ಪು ಕರಗುತ್ತದೆಂಬುದನ್ನು ಹೇಳುತ್ತೇವೆ, ರುಚಿ ಕಳೆದುಕೊಳ್ಳಬಾರದೆಂಬುದನ್ನೂ ಹೇಳುತ್ತೇವೆ. ಎರಡೂ ಒಂದೇ ಜೀವಿತದಲ್ಲಿ ಕೂಡಿದ್ದನ್ನು ನೋಡಬೇಕೆಂದರೆ ನಾನು ವಿದ್ಯಾರ್ಥಿಗಳಿಗೆ ಈ ಬೋಧಕರನ್ನು ತೋರಿಸುತ್ತೇನೆ.

1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರ್ಗಿಯಲ್ಲಿ ನಡೆಯಿತು. ಹೈದರಾಬಾದ್ ಸಂಸ್ಥಾನ ಭಾರತದೊಡನೆ ಸೇರಿ ಇನ್ನೂ ಬಹಳ ದಿನಗಳಾಗಿರಲಿಲ್ಲ, ಕನ್ನಡಿಗರೆಲ್ಲರೂ ಒಂದೇ ರಾಜ್ಯದಲ್ಲಿ ಸೇರಲು ಇನ್ನೂ ಏಳು ವರ್ಷಗಳಿದ್ದವು. ಹರಿದು ಹಂಚಿಹೋಗಿದ್ದ ಆ ಜನರು ತಮ್ಮ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದ್ದು ಉತ್ತಂಗಿ ಚನ್ನಪ್ಪನವರನ್ನು. ಇತ್ತ ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಸಭೆಗಳು 1947ರಲ್ಲೇ ದಕ್ಷಿಣ ಇಂಡಿಯ ಸಭೆಯಲ್ಲಿ ಐಕ್ಯವಾಗಿದ್ದವು. ಮುಂಬಯಿ ಕರ್ನಾಟಕದ ಸಭೆಗಳು, ಅಂದರೆ ಉತ್ತಂಗಿಯವರ ಸಭೆಗಳು, ಸೇರಿದ್ದು 1968ರಲ್ಲಿ. ಅವರು 1962ರಲ್ಲೇ ತೀರಿಕೊಂಡಿದ್ದರು.